ಈಸ್ಟ್ ಹ್ಯಾಮ್‌ನ ಸಣ್ಣ ಮನೆ, ಊರಿನ ದೊಡ್ಡ ಸೋಫಾ

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಎರಡು ಮನೆ. ಒಂದು, ಇಲ್ಲಿ ಪಾಲಿಗೆ ಬಂದಿರುವ ಬಂಕ್ ಮಂಚ. ಇನ್ನೊಂದು, ಊರಿನಲ್ಲಿ ಸಾಲ ಮಾಡಿ ಕಟ್ಟುತ್ತಿರುವ ಮನೆ. ನೆಲಕ್ಕೆ ಟೈಲ್ಸ್ ಬಿದ್ದ ಮೇಲೆ ಎದುರಾಗುವ ಪ್ರಶ್ನೆ: ಒಳಗೆ ಏನಿಡುವುದು? ಇದಕ್ಕೆ ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಒಂದಿಷ್ಟು ಉತ್ತರವಿದೆ.

ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಮಹಾಲಕ್ಷ್ಮಿ ದೇವಸ್ಥಾನವಿದೆ, ಬಿಸಿ ದೋಸೆ ಸಿಗುತ್ತದೆ. ಅಕ್ಕಪಕ್ಕದ ಬೀದಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡ, ನೂರು ವರ್ಷಕ್ಕೂ ಹಳೆಯ ಇಟ್ಟಿಗೆ ಮನೆಗಳ ಸಾಲು. ಬಾಗಿಲು ಕಿರಿದು, ಮೆಟ್ಟಿಲು ಇನ್ನೂ ಕಿರಿದು. ಇಲ್ಲಿ ನೆಲೆಸಿದವರು ಸೋಫಾ ಇಷ್ಟವಾಯಿತೇ ಎಂದು ನೋಡುವ ಮೊದಲು ಅದು ಬಾಗಿಲಲ್ಲಿ ತೂರುತ್ತದೆಯೇ ಎಂದು ಅಳೆಯಬೇಕು.

1940ರ ಸೆಪ್ಟೆಂಬರ್ 7ರಿಂದ ಪೂರ್ವ ಲಂಡನ್ ಮೇಲೆ ಜರ್ಮನ್ ಬಾಂಬುಗಳು ಸುರಿದವು. ಜನ ಮನೆಯ ಜೊತೆ ಮಂಚ, ಮೇಜುಗಳನ್ನೂ ಕಳೆದುಕೊಂಡರು. ಮರಕ್ಕೂ ಬರ. 1942ರಲ್ಲಿ ಸರ್ಕಾರ ‘ಯುಟಿಲಿಟಿ’ ಪೀಠೋಪಕರಣ ಯೋಜನೆ ತಂದಿತು. ಮನೆ ಕಳೆದುಕೊಂಡವರಿಗೆ, ಹೊಸದಾಗಿ ಮದುವೆಯಾದವರಿಗೆ ಮಾತ್ರ ಪರ್ಮಿಟ್. ವಿನ್ಯಾಸದ ಹೊಣೆ ಹೊತ್ತವರಲ್ಲಿ ಗಾರ್ಡನ್ ರಸೆಲ್ ಪ್ರಮುಖರು. ಕೆತ್ತನೆ, ಅಲಂಕಾರ ಇಲ್ಲ; ಆದರೆ ಮರದ ಜೋಡಣೆ ಗಟ್ಟಿ. 1952ರಲ್ಲಿ ಯೋಜನೆ ಮುಗಿಯಿತು. ಸರಳವಾದದ್ದು ಅಗ್ಗದ ಸರಕೇ ಆಗಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

1956ರಲ್ಲಿ ಸ್ವೀಡನ್ನಿನ ಐಕಿಯಾ, ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರಲು ಶುರುಮಾಡಿತು. ಮನೆಗೆ ಒಯ್ದು ನಾವೇ ಜೋಡಿಸಿಕೊಳ್ಳಬೇಕು. ಕಿರಿದಾದ ಮೆಟ್ಟಿಲಿನ ಮನೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. 1987ರಲ್ಲಿ ಬ್ರಿಟನ್ನಿಗೆ ಬಂದ ಆ ಅಂಗಡಿ 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು. ದುಬೈ, ದೋಹಾಗಳಲ್ಲಿ ನಾವು ನೋಡಿರುವುದೂ ಅದನ್ನೇ.

ಹೀಗೆ ಒಂದೇ ಕೋಣೆ ಎರಡು ಕೆಲಸ ಮಾಡತೊಡಗಿತು. ಹಗಲು ಸೋಫಾ, ರಾತ್ರಿ ಹಾಸಿಗೆ. ಮಂಚದಡಿ ಬಟ್ಟೆಯ ಡ್ರಾಯರ್. ಗೋಡೆಗೆ ಮಡಚುವ ಮೇಜು. ನಮಗೇನು ಇದು ಹೊಸದೇ? ನಮ್ಮ ಅಜ್ಜಿಯರ ಕಾಲದಲ್ಲೂ ರಾತ್ರಿ ಹಾಸಿದ ಚಾಪೆ ಬೆಳಿಗ್ಗೆ ಸುರುಳಿಯಾಗುತ್ತಿತ್ತು. ಊಟ ಮುಗಿದರೆ ಮಣೆ ಗೋಡೆಗೆ ಒರಗುತ್ತಿತ್ತು.

ಆದರೆ ಲಂಡನ್ನಿಗೆ ಒಗ್ಗಿದ್ದೆಲ್ಲ ಊರಿಗೆ ಒಗ್ಗುವುದಿಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ತೇವ ಕುಡಿದರೆ ಉಬ್ಬುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ, ಅದರಲ್ಲೂ ಬೀಗ ಹಾಕಿದ ಮನೆಯಲ್ಲಿ, ಅದು ಬಾಳುವುದು ಕಷ್ಟ. ಅಡುಗೆಮನೆಯ ಕಪಾಟಿಗೆ ಪ್ಲೈವುಡ್ ಹಾಕಿಸುವುದಾದರೆ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ. ಅದು ನೀರು ತಡೆಯುವ ಮರೈನ್ ದರ್ಜೆಯದು. ಮಂಚ, ಕುರ್ಚಿಗೆ ಊರಿನ ಆಚಾರಿ ಮಾಡಿಕೊಡುವ ಹಲಸಿನ ಮರ ಇಂದಿಗೂ ಒಳ್ಳೆಯದೇ.

ಇನ್ನೊಂದು ಮಾತು. ತಗ್ಗಾದ, ಮೆತ್ತನೆಯ ದೊಡ್ಡ ಸೋಫಾ ಫೋಟೋದಲ್ಲಿ ಚಂದ. ಮಂಡಿನೋವಿನ ಅಮ್ಮ ಅದರಿಂದ ಏಳಲು ಇನ್ನೊಬ್ಬರ ಕೈ ಹಿಡಿಯಬೇಕು. ಸುಮಾರು 18 ಇಂಚು ಎತ್ತರದ, ಕೈಯಿರುವ ಗಟ್ಟಿ ಕುರ್ಚಿ ಅವರಿಗೆ ಹೆಚ್ಚು ಆಸರೆ. ವರ್ಷಕ್ಕೊಮ್ಮೆ ಒಂದು ತಿಂಗಳು ಆ ಮನೆಯಲ್ಲಿ ಕೂರುವವರು ನಾವು. ಉಳಿದ ಹನ್ನೊಂದು ತಿಂಗಳು ಕೂರುವವರು ಅವರು. ಮುಂಗಡ ಕೊಡುವ ಮೊದಲು ಒಂದು ಫೋನ್ ಮಾಡಿ, ಅವರನ್ನೇ ಕೇಳಿ.