ಬೆಳಕು ನುಸುಳದ ಬೆಸುಗೆ

ತೀರ್ಥಹಳ್ಳಿಯ ಸಮೀಪದಲ್ಲಿ, ಹಿಂದೆ ದನಗಳಿದ್ದು ಈಗ ಮರಗೆಲಸಕ್ಕೆ ಒದಗಿರುವ ಕೊಟ್ಟಿಗೆಯೊಂದಕ್ಕೆ ನಾನು ಹೋದದ್ದು ಅಲ್ಲಿ ಸಿದ್ಧವಾಗುತ್ತಿದ್ದ ಪೀಠೋಪಕರಣವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಎರಡು ಹಲಗೆಗಳ ಅಂಚುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ವೃದ್ಧ ಆಚಾರ್ಯರೊಬ್ಬರ ದೃಷ್ಟಿಯ ವಿಚಾರವನ್ನು ಕೇಳಿದ್ದರಿಂದ. ಪಟ್ಟಣದ ಮನೆಯೊಂದರ ಅಡುಗೆಮನೆಯಲ್ಲಿ, ಎತ್ತರದ ಸ್ಟೂಲುಗಳ ಮೇಲೆ ಕುಳಿತು ಬೆಳಗಿನ ದೋಸೆ ಕಾಫಿಗಳನ್ನು ಮುಗಿಸುವುದಕ್ಕೆ ಅನುಕೂಲವಾದ ಉದ್ದನೆಯ ಕೌಂಟರೊಂದನ್ನು ಅವರು ಹಲಸಿನ ಮರದಿಂದ ಮಾಡುತ್ತಿದ್ದರು. ಏಳು ಅಡಿ ಉದ್ದ, ಎರಡು ಅಡಿ ಅಗಲ. ಅಷ್ಟು ಅಗಲದ ಒಂದೇ ಹಲಗೆ ಇಂದು ದುರ್ಲಭವಾದ್ದರಿಂದ ಐದು ಹಲಗೆಗಳನ್ನು ಕೂಡಿಸಬೇಕಾಗಿತ್ತು.

ಕೂಡಿಸಿದ ಹಲಗೆ ಕೀಳೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು, ನನಗೂ ಇತ್ತು. ಆದರೆ ಅಗಲವಾದ ಒಂದೇ ಹಲಗೆಯು ಬಾಗುವಷ್ಟು ಸುಲಭವಾಗಿ ಸರಿಯಾಗಿ ಕೂಡಿಸಿದ ಹಲಗೆಯು ಬಾಗುವುದಿಲ್ಲವೆಂಬುದನ್ನು ಆಚಾರ್ಯರು ಹಲಗೆಗಳ ತುದಿಯನ್ನು ತೋರಿಸಿ ತಿಳಿಸಿದರು. ಅಲ್ಲಿ ಕಾಣುವ ವಾರ್ಷಿಕ ವಲಯಗಳ ಬಾಗು ಒಂದರಲ್ಲಿ ಮೇಲ್ಮುಖವಾಗಿದ್ದರೆ ಪಕ್ಕದ್ದರಲ್ಲಿ ಕೆಳಮುಖವಾಗಿರುವಂತೆ ಅವರು ಜೋಡಿಸುತ್ತಾರೆ. ಒಂದು ಎತ್ತ ಬಾಗಲೆಳಸುವುದೋ ಅದರ ನೆರೆಯದು ಅದಕ್ಕೆ ವಿರುದ್ಧವಾಗಿ ಬಾಗಲೆಳಸಿ, ಒಟ್ಟು ಮೇಲ್ಮೈ ಸಮತಲವಾಗಿ ಉಳಿಯುವುದು.

ಇನ್ನು ಆ ಅಂಚಿನ ಕೆಲಸ. ಕೂಡತಕ್ಕ ಎರಡು ಹಲಗೆಗಳನ್ನು ಅವರು ಪುಸ್ತಕವನ್ನು ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ ಬಿಗಿದು, ಎರಡರ ಅಂಚುಗಳ ಮೇಲೂ ಒಂದೇ ಸಲ ಹತ್ತರಿಯನ್ನು ಓಡಿಸಿದರು. ಕೈ ತುಸು ಓರೆಯಾದರೂ ಒಂದು ಅಂಚು ಎಷ್ಟು ಹೊರಕ್ಕೆ ವಾಲಿತೋ ಇನ್ನೊಂದು ಅಷ್ಟೇ ಒಳಕ್ಕೆ ವಾಲಿರುವುದರಿಂದ, ಪುಸ್ತಕವನ್ನು ತೆರೆದಂತೆ ಹಲಗೆಗಳನ್ನು ಬಿಡಿಸಿ ಕೂಡಿಸಿದಾಗ ಎರಡು ತಪ್ಪುಗಳೂ ಪರಸ್ಪರ ಅಳಿದು ಮೇಲ್ಮೈ ನೇರವಾಗುತ್ತದೆ. ಹಳದಿಯ ಸುರುಳಿ ತುದಿಯಿಂದ ತುದಿಗೆ ತುಂಡಾಗದೆ ಬಂದ ಮೇಲೆಯೇ ಅವರು ಹತ್ತರಿಯನ್ನು ಕೆಳಗಿಟ್ಟರು. ಬಳಿಕ ಕಿಟಕಿ, ಬಳಿಕ ಮೌನ. "ಕೂದಲೆಳೆಯಷ್ಟು ಬೆಳಕು ಕಂಡರೂ ಅಂಟು ಅದನ್ನು ಮುಚ್ಚುವುದಿಲ್ಲ, ಸ್ವಾಮಿ," ಎಂದು ಹೇಳಿ ಪುನಃ ಹಲಗೆಯನ್ನು ಬಿಗಿದರು. ಒಂದು ಅಂಚಿಗಾಗಿ ಹೀಗೆ ನಾಲ್ಕು ಸಲ ಕಿಟಕಿಗೆ ಹೋಗಿಬಂದುದನ್ನು ನಾನು ಎಣಿಸಿದೆ.

ಅವರ ತಂದೆಯ ಕಾಲದಲ್ಲಿ ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಸರೇಸನ್ನು ಬಿಸಿಬಿಸಿಯಾಗಿ ಹಚ್ಚುತ್ತಿದ್ದರಂತೆ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಕ್ರಮೇಣ ಆ ಸರೇಸಿನ ಪಾತ್ರೆ ಮೂಲೆ ಸೇರಿತು. ಅಂಟು ಹಚ್ಚಿ ಕ್ಲಾಂಪು ಬಿಗಿಯುವುದು ಅಲ್ಪಕಾಲದ ಕೆಲಸ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಕ್ಕೆ ಹರಿದು ಬೆಸುಗೆ ಬರಡಾಗುವುದೆಂಬ ಎಚ್ಚರಿಕೆಯೊಂದನ್ನು ಬಿಟ್ಟರೆ ಅದರಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಚೆನ್ನಾಗಿ ಕೂಡಿದ ಅಂಚು ಅನಂತರ ಮರಕ್ಕಿಂತಲೂ ಗಟ್ಟಿ. ಬಲವಂತವಾಗಿ ಮುರಿದರೆ ಪಕ್ಕದ ಮರ ಸೀಳೀತು, ಬೆಸುಗೆ ಬಿಡದು.

ಆದರೆ ಮರವು ಕಡಿದ ಮೇಲೂ ಉಸಿರಾಡುವಂಥದು. ಆಷಾಢದ ಮಳೆಯಲ್ಲಿ ಹಿಗ್ಗಿ ಬಾಗಿಲುಗಳು ಹೇಗೆ ಕಚ್ಚಿಕೊಳ್ಳುವುವೆಂಬುದು ಮಲೆನಾಡಿನವರಿಗೆ ಹೊಸತಲ್ಲ. ಈ ಹಿಗ್ಗು ಕುಗ್ಗುಗಳೆಲ್ಲ ಅಗಲದಲ್ಲಿಯೇ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ಕೌಂಟರಿನ ಕೆಳಗಣ ಚೌಕಟ್ಟಿನಲ್ಲಿ ತಿರುಪುಗಳ ರಂಧ್ರವನ್ನು ದುಂಡಗೆ ಕೊರೆಯದೆ ಉದ್ದುದ್ದವಾಗಿ ಕೊರೆದು, ಮರಕ್ಕೆ ಸರಿದಾಡಲು ಎಡೆಗೊಟ್ಟಿದ್ದರು. ಹಸಿಮರವಾದರೆ ಈ ಜಾಣ್ಮೆಯೂ ನಿಷ್ಫಲ. ಒಂದಂಗುಲ ದಪ್ಪದ ಹಲಗೆಗೆ ನೆರಳಿನಲ್ಲಿ ಸುಮಾರು ಒಂದು ವರ್ಷ ಒಣಗುವ ಕಾಲವೆಂಬುದು ಕಸುಬಿನ ಹಳೆಯ ಲೆಕ್ಕ.

ಆ ವರ್ಷವನ್ನು ಕೊಡುವ ಗಿರಾಕಿಗಳು ಈಗ ವಿರಳ. ಪ್ಲೈವುಡ್ಡಿನ ಮೇಲೆ ಮರದ ಚಿತ್ರವಿರುವ ಹಾಳೆಯನ್ನು ಅಂಟಿಸಿ ವಾರದೊಳಗೆ ಅಡುಗೆಮನೆಯನ್ನು ಮುಗಿಸಿಕೊಡುವವರು ಪೇಟೆಯಲ್ಲಿದ್ದಾರೆ. ಆಚಾರ್ಯರ ಮಗನೂ ಶಿವಮೊಗ್ಗದಲ್ಲಿ ಅದೇ ಕೆಲಸದಲ್ಲಿದ್ದಾನೆ. ಮಗನ ಮೇಲೆ ಅವರಿಗೆ ಕೋಪವಿಲ್ಲ. ನನಗೆ ಮಾತ್ರ, ಆ ಕಿಟಕಿಯ ಬಳಿ ಇನ್ನೊಬ್ಬರು ನಿಂತು ಕಲಿಯುತ್ತಿಲ್ಲವೆಂಬ ವ್ಯಥೆ ಹೊರಡುವಾಗಲೂ ಕಡಿಮೆಯಾಗಲಿಲ್ಲ.

ಈಗ ಹೊಂಬಣ್ಣದಲ್ಲಿರುವ ಆ ಹಲಸು ವರ್ಷಗಳು ಕಳೆದಂತೆ ಬೆಳಕುಂಡು ಕಂದಾಗುತ್ತದೆ. ಮನೆ ಕಟ್ಟಿಸುವ ವಿಚಾರವಿರುವ ಓದುಗರಲ್ಲಿ ನನ್ನದೊಂದು ಬಿನ್ನಹ: ಗೃಹಪ್ರವೇಶದ ಮುಹೂರ್ತವನ್ನು ನೋಡಿಸುವ ಮೊದಲೇ ನಿಮ್ಮೂರಿನ ಆಚಾರ್ಯರನ್ನು ಕಂಡು ಮರವನ್ನು ಗೊತ್ತುಮಾಡಿ, ಅದು ಒಣಗುವಷ್ಟು ಕಾಲವನ್ನು ಅವರಿಗೆ ಕೊಡಿ.