ಮೂವತ್ತಾರನೆಯ ಕಥೆ ಯಾರದು?

ಕೋಲ್ಕತ್ತದ ಬಾಲಿಗಂಜ್‌ನಲ್ಲಿ ರಜನಿ ಸೇನ್ ರಸ್ತೆಯಿದೆ. ಆ ರಸ್ತೆಯ 21ನೇ ನಂಬರಿನ ಮನೆಯಲ್ಲಿ ಸತ್ಯಜಿತ್ ರಾಯ್ ತಮ್ಮ ಪತ್ತೇದಾರ ಫೆಲುದಾನನ್ನು ನೆಲೆಗೊಳಿಸಿದರು. 1965ರ ಡಿಸೆಂಬರಿನಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಮೊದಲ ಕಥೆ ಶುರುವಾಯಿತು. 1992ರಲ್ಲಿ ತೀರಿಕೊಳ್ಳುವ ಹೊತ್ತಿಗೆ ರಾಯ್ ಬರೆದು ಮುಗಿಸಿದ್ದು 35 ಕಥೆ. ಬಂಗಾಳದ ತಲೆಮಾರುಗಳು ಈ ಮೂವತ್ತೈದನ್ನೇ ಮತ್ತೆ ಮತ್ತೆ ಓದಿಕೊಂಡು ಬೆಳೆದಿವೆ.

ಈಗ ಇನ್ನೊಂದು ಲೆಕ್ಕ ನೋಡಿ. ಓದುಗರು ತಮಗೆ ಇಷ್ಟವಾದ ಪಾತ್ರಗಳನ್ನಿಟ್ಟುಕೊಂಡು ತಾವೇ ಹೊಸ ಕಥೆ ಕಟ್ಟುವುದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅದಕ್ಕೆಂದೇ ಅಭಿಮಾನಿಗಳು 2009ರಲ್ಲಿ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಆನ್‌ಲೈನ್ ಭಂಡಾರದಲ್ಲಿ 2019ರ ಜುಲೈ ಹೊತ್ತಿಗೆ 50 ಲಕ್ಷ ಕೃತಿಗಳಾಗಿದ್ದವು. ಈ ಮೊದಲ ಐವತ್ತು ಲಕ್ಷಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು; ಎರಡನೆಯ ಐವತ್ತು ಲಕ್ಷಕ್ಕೆ ಮೂರೂವರೆ ವರ್ಷವೂ ಬೇಕಾಗಲಿಲ್ಲ. 2022 ಮುಗಿಯುವ ಮೊದಲೇ ಅದು ಒಂದು ಕೋಟಿ ಮುಟ್ಟಿತು. ಅಂದರೆ ದಿನಕ್ಕೆ ಸರಾಸರಿ ನಾಲ್ಕು ಸಾವಿರ ಬರಹ. ರಾಯ್ ಇಪ್ಪತ್ತೇಳು ವರ್ಷದಲ್ಲಿ ಬರೆದಷ್ಟು ಕಥೆಗಳು ಅಲ್ಲಿ ಕಾಲು ಗಂಟೆಯೊಳಗೆ ಬಂದು ಬೀಳುತ್ತಿದ್ದವು.

ಹ್ಯಾರಿ ಪಾಟರ್ ಸರಣಿಯ ಪುಸ್ತಕಗಳು ಏಳು. 1998ರಲ್ಲಿ ಶುರುವಾದ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಒಂದರಲ್ಲೇ ಅದರ ಮೇಲೆ 8 ಲಕ್ಷಕ್ಕೂ ಹೆಚ್ಚು ಕಥೆಗಳಿವೆ; ಪುಸ್ತಕವೊಂದಕ್ಕೆ ಲಕ್ಷದ ಮೇಲಾಯಿತು. ವಿಡಿಯೊ ಗೇಮ್ ಪಾತ್ರಗಳನ್ನು ಹಿಡಿದು ಅಭಿಮಾನಿಯೊಬ್ಬ ಬರೆದ ಒಂದೇ ಕಥೆ 40 ಲಕ್ಷ ಪದ ದಾಟಿತು. ವ್ಯಾಸರ ಮಹಾಭಾರತವೇ ಸುಮಾರು 18 ಲಕ್ಷ ಪದ. ಎರಡು ಭಾರತ ಒಟ್ಟಿಗಿಟ್ಟರೂ ಈ ಕಥೆಯ ತೂಕ ಹೆಚ್ಚು. ಇದಕ್ಕೆ ಸಂಭಾವನೆಯಿಲ್ಲ, ಪ್ರಕಾಶಕರಿಲ್ಲ. ಬರೆಯುವ ಆಸೆಯೊಂದೇ ಬಂಡವಾಳ.

ಆಸೆ ಎಲ್ಲ ಕಡೆ ಒಂದೇ, ಆದರೆ ಅದಕ್ಕೆ ಸಿಗುವ ಜಾಗ ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ಅಭಿಮಾನಿ ಪುಸ್ತಕಗಳ ಮೊದಲ ‘ಕಾಮಿಕೆಟ್’ ಮೇಳ ನಡೆದಾಗ ಬಂದಿದ್ದು 32 ತಂಡ, ಸುಮಾರು 700 ಜನ. ಬಹುಪಾಲು ಶಾಲೆಯ ಹುಡುಗಿಯರು. 2019ರ ಡಿಸೆಂಬರಿನ ಮೇಳಕ್ಕೆ ನಾಲ್ಕೇ ದಿನದಲ್ಲಿ ಏಳೂವರೆ ಲಕ್ಷ ಜನ ಬಂದರು. ಅಲ್ಲಿ ಅಭಿಮಾನಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ರಾಜಾರೋಷವಾಗಿ ಮಾರುತ್ತಾರೆ. ಮಾಂಗಾ ಎಂಬ ಚಿತ್ರಕಥೆಗಳ ಪ್ರಕಾಶಕರು ಬಹುಮಟ್ಟಿಗೆ ಕಂಡೂ ಕಾಣದಂತಿರುತ್ತಾರೆ, ಏಕೆಂದರೆ ನಾಳಿನ ಚಿತ್ರಕಾರರು ತಯಾರಾಗುವುದು ಅಲ್ಲೇ. ಅಮೆರಿಕ, ಬ್ರಿಟನ್ನುಗಳ ಅಭಿಮಾನಿ ಲೋಕದಲ್ಲಿ ದುಡ್ಡು ಮುಟ್ಟುವುದೇ ತಪ್ಪು. ಅಲ್ಲೂ ಲೇಖಕರ ಸ್ವಭಾವದಂತೆ ರೀತಿ ಬದಲಾಗುತ್ತದೆ: ಹ್ಯಾರಿ ಪಾಟರ್ ಬರೆದ ಬ್ರಿಟನ್ನಿನ ರೌಲಿಂಗ್ ದುಡ್ಡು ಮಾಡದಿದ್ದರೆ ಅಡ್ಡಿಯಿಲ್ಲ ಎಂದರು, ಅಮೆರಿಕದ ಕಾದಂಬರಿಕಾರ್ತಿ ಆನ್ ರೈಸ್ ತಮ್ಮ ಪಾತ್ರಗಳನ್ನು ಯಾರೂ ಮುಟ್ಟಕೂಡದು ಎಂದರು. ಚೀನಾದಲ್ಲಿ ಒಬ್ಬ ನಟನ ಅಭಿಮಾನಿಗಳು ಒಂದು ಕಥೆಯ ಮೇಲೆ ದೂರು ಕೊಟ್ಟ ಬೆನ್ನಿಗೇ, 2020ರ ಫೆಬ್ರವರಿ 29ರಂದು, ‘ಆರ್ಕೈವ್ ಆಫ್ ಅವರ್ ಓನ್’ನ ಅಷ್ಟೂ ಲಕ್ಷ ಕೃತಿಗಳ ಭಂಡಾರಕ್ಕೆ ಆ ದೇಶದಲ್ಲಿ ಬೀಗ ಬಿತ್ತು.

ಇನ್ನು ಬಾಲಿಗಂಜ್‌ನ ಫೆಲುದಾನಿಗಿರುವ ಕಾವಲು ಕಾಲದ್ದು. ನಮ್ಮ ಕಾಯಿದೆಯಲ್ಲಿ ಕೃತಿಸ್ವಾಮ್ಯ ಲೇಖಕ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ. ಮೊದಲು ಐವತ್ತೇ ಇತ್ತು; ರವೀಂದ್ರನಾಥ ಠಾಕೂರರ ಅವಧಿ ಮುಗಿಯಲು ಬಂದಾಗ ಹತ್ತು ವರ್ಷ ಸೇರಿಸಿದರು. ಹೀಗಾಗಿ ಫೆಲುದಾ ಎಲ್ಲರ ಸ್ವತ್ತಾಗುವುದು 2053ರ ಜನವರಿ 1ಕ್ಕೆ. ಅದೇ ದಕ್ಷಿಣ ಕೋಲ್ಕತ್ತದ ಕೇಯಾತಲಾಗೆ ಬಂದು ನೆಲೆಸುವ ಇನ್ನೊಬ್ಬ ಪತ್ತೇದಾರ ಬ್ಯೋಮಕೇಶ್ ಬಕ್ಷಿಯ ಕರ್ತೃ ಶರದಿಂದು ಬಂದ್ಯೋಪಾಧ್ಯಾಯರು 1970ರಲ್ಲಿ ತೀರಿಕೊಂಡರು. ಅವರ 32 ಕಥೆಗಳೂ ಅರ್ಧಕ್ಕೆ ನಿಂತ 33ನೆಯದೂ ಕನಿಷ್ಠ 2031ರವರೆಗೆ ಕಾಯಬೇಕು.

ಹಾಗೆ ನೋಡಿದರೆ ರಾಯ್ ಸ್ವತಃ ಒಬ್ಬ ದೊಡ್ಡ ಅಭಿಮಾನಿ. ಪತ್ತೇದಾರ ಶೆರ್ಲಾಕ್ ಹೋಮ್ಸ್‌ಗೆ ಗೆಳೆಯ ವಾಟ್ಸನ್ ಇದ್ದಂತೆ ಫೆಲುದಾನಿಗೆ ತೋಪ್ಷೆ, ಖಳ ಮೊರಿಯಾರ್ಟಿಯ ಜಾಗಕ್ಕೆ ಮಗನ್‌ಲಾಲ್ ಮೇಘರಾಜ್. ಲಂಡನ್ನಿಗೆ ಹೋಗುವ ಕಥೆಯಲ್ಲಿ ಫೆಲುದಾ ಬೇಕರ್ ಸ್ಟ್ರೀಟಿಗೆ ಹೋಗಿ ಹೋಮ್ಸ್‌ನನ್ನು ಗುರುವೆಂದು ನೆನೆಯುತ್ತಾನೆ. ಒಬ್ಬರ ಪಾತ್ರದ ಮೇಲಿನ ಪ್ರೀತಿಯಿಂದಲೇ ಇನ್ನೊಂದು ದೊಡ್ಡ ಪಾತ್ರ ಹುಟ್ಟಿತು.

ಅಭಿಮಾನಿಗಳು ಎಲ್ಲಿ ಕೈ ಹಾಕುತ್ತಾರೆ? ಮೂಲ ಲೇಖಕ ಬಿಟ್ಟ ಜಾಗದಲ್ಲಿ. ಹೋಮ್ಸ್‌ನ 60 ಕಥೆಗಳ ಭಕ್ತರು ವಾಟ್ಸನ್ ಹೇಳಿದ ತಾರೀಖುಗಳನ್ನು ತಾಳೆ ನೋಡುತ್ತಾರೆ. ಪಾಟರ್ ಬಳಗ ಪುಸ್ತಕದಲ್ಲಿ ಕೂಡದ ಜೋಡಿಗಳನ್ನು ಕೂಡಿಸುತ್ತದೆ. ಈ ಗುಟ್ಟನ್ನು ಕೋಲ್ಕತ್ತ ಬಹಳ ಹಿಂದೆಯೇ ಹೇಳಿತ್ತು. 1900ರ ಹೊತ್ತಿಗೆ ಠಾಕೂರರು ಒಂದು ಪ್ರಬಂಧದಲ್ಲಿ, ಕವಿಗಳು ಮರೆತ ಹೆಣ್ಣುಗಳನ್ನು ಕುರಿತು, ಮುಖ್ಯವಾಗಿ ವಾಲ್ಮೀಕಿ ಕೈಬಿಟ್ಟ ಊರ್ಮಿಳೆಯನ್ನು ಕುರಿತು ಮರುಗಿದರು. ಆ ಮಾತು ಹಿಂದಿಯ ಮಹಾವೀರಪ್ರಸಾದ ದ್ವಿವೇದಿಯವರನ್ನು ತಟ್ಟಿತು. ಅವರಿಂದ ಮೈಥಿಲೀಶರಣ ಗುಪ್ತರಿಗೆ ದಾಟಿ 1931ರಲ್ಲಿ ‘ಸಾಕೇತ್’ ಆಯಿತು. ಇತ್ತ ಮೈಸೂರಿನಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚಿನ ಸಾಲುಗಳಲ್ಲಿ ಊರ್ಮಿಳೆಯನ್ನು ತಪಸ್ವಿನಿಯಾಗಿ ಎತ್ತಿ ನಿಲ್ಲಿಸಿದರು. ವಾಲ್ಮೀಕಿಯ ವಾರಸುದಾರರ ಅನುಮತಿ ಯಾರೂ ಕೇಳಬೇಕಿರಲಿಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಕುಮಾರವ್ಯಾಸ ಹೇಳಿದ್ದು ಐದಾರು ಶತಮಾನದ ಹಿಂದೆ. ಆ ಮೇಲೂ ಕವಿಗಳು ನಿಲ್ಲಲಿಲ್ಲ. ಇಷ್ಟು ಹಳೆಯ ಅಭಿಮಾನಿ ಪರಂಪರೆ ಲೋಕದಲ್ಲಿ ಇನ್ನೆಲ್ಲಿದೆ?

ಅಂಥ ಕುವೆಂಪು ಅವರ ಪಾತ್ರಗಳಿಗೂ ಈಗ ಅರವತ್ತು ವರ್ಷದ ಬೇಲಿ. ನಾಯಿಗುತ್ತಿಯ ಹಿಂದೆ ಕಾಡು ಸುತ್ತಿದ ಹುಲಿಯ ಎಂಬ ನಾಯಿಯ ಕಣ್ಣಿನಿಂದ ‘ಮಲೆಗಳಲ್ಲಿ ಮದುಮಗಳು’ ಕಥೆಯನ್ನು ಇನ್ನೊಮ್ಮೆ ಹೇಳಬೇಕೆನ್ನುವ ತೀರ್ಥಹಳ್ಳಿಯ ಹುಡುಗಿ ಅದನ್ನು ತನ್ನಿಷ್ಟದಂತೆ ಅಚ್ಚು ಹಾಕಿಸಲು 2055 ಬರಬೇಕು. ಕಾಯಿದೆ ಬದಲಾಗಲಿ ಎಂದು ಕಾಯಬೇಕಿಲ್ಲ. ಜಪಾನಿನಲ್ಲಿ 2013ರಲ್ಲಿ ‘ದೋಜಿನ್ ಮಾರ್ಕ್’ ಎಂಬ ಮುದ್ರೆ ಬಂತು: ಕೃತಿಯ ಮೇಲೆ ಆ ಚಿಹ್ನೆಯಿದ್ದರೆ ಅಭಿಮಾನಿಗಳು ತಮ್ಮ ಪುಸ್ತಕ ಮಾಡಿಕೊಳ್ಳಬಹುದು, ಮೂಲದ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ಇಂಥದ್ದೊಂದು ಒಪ್ಪಿಗೆಯ ಮುದ್ರೆಯನ್ನು ಬಂಗಾಳಿ, ಕನ್ನಡ ಲೇಖಕರೂ ಅವರ ಮನೆಯವರೂ ಇವತ್ತೇ ಒತ್ತಬಹುದು. ಊರ್ಮಿಳೆಯನ್ನು ಕೊಟ್ಟ ಸ್ವಾತಂತ್ರ್ಯ ಮುಂದಿನವರಿಗೂ ಸಿಗಬೇಕು.