ಕೈಬದಲಾದ ಅಳತೆಯ ಯಂತ್ರಗಳು

ವಿದ್ಯುಚ್ಛಕ್ತಿಯು ಕಣ್ಣಿಗೆ ಕಾಣದು, ಕಿವಿಗೆ ಕೇಳಿಸದು; ಮುಟ್ಟಿ ತಿಳಿಯಹೋದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಅದರ ಇರವನ್ನೂ ಪ್ರಮಾಣವನ್ನೂ ನಮಗೆ ಅರುಹತಕ್ಕವು ಅಳತೆಯ ಉಪಕರಣಗಳೇ ಸರಿ. ಇವುಗಳಲ್ಲಿ ವೋಲ್ಟು, ಆಂಪಿಯರು, ಓಮುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಮಲ್ಟಿಮೀಟರು ಮೊದಲನೆಯದು. ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುವ ಆಸಿಲೋಸ್ಕೋಪು ಎರಡನೆಯದು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನನು 1897ರಲ್ಲಿ ನಿರ್ಮಿಸಿದ ಕಿರಣನಾಳವೇ ಇದಕ್ಕೆ ಮೂಲ.

ಹೊಸ ಉಪಕರಣಗಳ ಬೆಲೆ ಎಲ್ಲರ ಕೈಗೂ ಎಟುಕುವಂಥದಲ್ಲ. ತುಮಕೂರಿನ ಕಾಲೇಜು ವಿದ್ಯಾರ್ಥಿಗಾಗಲಿ, ಗುಬ್ಬಿ ಕುಣಿಗಲುಗಳಲ್ಲಿ ತೆಂಗಿನ ತೋಟದ ಪಂಪುಸೆಟ್ಟುಗಳನ್ನು ಸರಿಪಡಿಸುವ ಕೆಲಸಗಾರನಿಗಾಗಲಿ ಹಳೆಯದನ್ನು ಕೊಳ್ಳುವುದೇ ಅನೇಕ ವೇಳೆ ಸುಲಭಮಾರ್ಗ. ಬೆಂಗಳೂರು ತುಮಕೂರಿಗೆ ಸುಮಾರು 70 ಕಿಲೋಮೀಟರು. ಅಲ್ಲಿಯ ಸಾದರ ಪತ್ರಪ್ಪ ರಸ್ತೆ, ಎಂದರೆ ಎಸ್.ಪಿ. ರಸ್ತೆಯು, ಎಲೆಕ್ಟ್ರಾನಿಕ್ ಸಾಮಗ್ರಿಗೆ ಹೆಸರಾದುದು. ಪ್ರಯೋಗಶಾಲೆ ಕಾರ್ಖಾನೆಗಳು ಕೈಬಿಟ್ಟ ಯಂತ್ರಗಳೂ ಮಾರಾಟಕ್ಕೆ ಬರುವುದುಂಟು. ಇವುಗಳಲ್ಲಿ ಉತ್ತಮವಾದುವೂ ಇರುತ್ತವೆ, ನಿರುಪಯುಕ್ತವಾದುವೂ ಇರುತ್ತವೆ. ಇವುಗಳ ಭೇದವನ್ನು ಅರಿಯುವುದು ಹೇಗೆ?

ಸಿದ್ಧಗಂಗೆಯ ದನದ ಜಾತ್ರೆಯನ್ನು ಕಂಡವರು ಇದಕ್ಕೆ ಉತ್ತರವನ್ನು ಆಗಲೇ ಬಲ್ಲರು. ಅಲ್ಲಿ ರೈತನು ಎತ್ತಿನ ಮೈಬಣ್ಣಕ್ಕೆ ಮರುಳಾಗದೆ ಹಲ್ಲನ್ನು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಯಂತ್ರವನ್ನೂ ಹಾಗೆಯೇ ಪರೀಕ್ಷಿಸತಕ್ಕದ್ದು. ಅಂಗಡಿಯಲ್ಲಿಯೇ ಚಾಲೂ ಮಾಡಿಸಿ, ಅರ್ಧಗಂಟೆ ಬಿಟ್ಟು ನೋಡಬೇಕು. ಕೆಲವು ದೋಷಗಳು ಯಂತ್ರವು ಕಾವೇರಿದ ಮೇಲೆಯೇ ಹೊರಬೀಳುತ್ತವೆ. ಆಸಿಲೋಸ್ಕೋಪಿನ ಗೆರೆಯು ತೆಳುವಾಗಿ, ಅಲುಗದೆ ನಿಲ್ಲಬೇಕು. ಬಹುತೇಕ ಆಸಿಲೋಸ್ಕೋಪುಗಳ ಮುಖದ ಮೇಲೆಯೇ ಪರೀಕ್ಷೆಗಾಗಿ ಚೌಕ ಅಲೆಯನ್ನು ಕೊಡುವ ಒಂದು ತುದಿಯಿರುತ್ತದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 1,000 ಬಾರಿ ಏರಿಳಿಯುತ್ತದೆ. ಪ್ರೋಬನ್ನು ಅದಕ್ಕೆ ತಗುಲಿಸಿದಾಗ ಅಲೆಯ ಮೂಲೆಗಳು ಚೂಪಾಗಿ ಕಾಣಬೇಕು. ಮೂಲೆಗಳು ದುಂಡಾಗಿದ್ದರೆ ಪ್ರೋಬಿನ ತಿರುಪನ್ನು ಸರಿಪಡಿಸಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಪ್ರೋಬಿನಲ್ಲಿಯೋ ಯಂತ್ರದಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. ಮಲ್ಟಿಮೀಟರಿಗೆ ಹೊಸ ಬ್ಯಾಟರಿ ಸೆಲ್ಲೊಂದೇ ಸಾಕ್ಷಿ: ಸುಮಾರು 1.5 ವೋಲ್ಟು ತೋರಿಸಬೇಕು.

ಇನ್ನು ಮುಖ್ಯವಾದ ವಿಷಯ. ಹಳೆಯ ಮೀಟರಿನ ಹಿಂಬದಿಯನ್ನು ಬಿಚ್ಚಿಸಿ ಫ್ಯೂಜನ್ನು ನೋಡದೆ ಹಣವನ್ನು ಕೊಡಲಾಗದು. ಸುಟ್ಟುಹೋದ ಫ್ಯೂಜಿನ ಎಡೆಯಲ್ಲಿ ತಾಮ್ರದ ತಂತಿಯನ್ನು ಸುತ್ತಿಟ್ಟು ಮಾರುವ ಕೆಟ್ಟ ರೂಢಿಯೊಂದುಂಟು. ಬೋರ್‌ವೆಲ್ಲಿನ ಮೂರು ಫೇಸಿನ ಲೈನಿನಲ್ಲಿ ಸುಮಾರು 400 ವೋಲ್ಟು ಇರುತ್ತದೆ. ಮೀಟರು ಆಂಪಿಯರಿನ ಸ್ಥಾನದಲ್ಲಿರುವುದನ್ನು ಮರೆತು ಯಾರಾದರೂ ಅದನ್ನು ಈ ಲೈನಿಗೆ ಹಿಡಿದರೆ, ಸರಿಯಾದ ಫ್ಯೂಜು ತಾನು ಸುಟ್ಟು ಮನುಷ್ಯನನ್ನು ಉಳಿಸುತ್ತದೆ. ತಂತಿಯಾದರೆ ಮೀಟರೇ ಕೈಯಲ್ಲಿ ಸಿಡಿಯುತ್ತದೆ.

ಸಿಡಿಯುವ ಮೀಟರಿಗಿಂತಲೂ ಸುಳ್ಳು ಹೇಳುವ ಮೀಟರು ಭಯಂಕರ. ಲೈನಿನಲ್ಲಿ ಕರೆಂಟು ಇರುವಾಗಲೇ ಸೊನ್ನೆಯನ್ನು ತೋರಿಸಿದರೆ ನಂಬಿದವನ ಗತಿಯೇನು? ಆದುದರಿಂದ ಅನುಭವಿಗಳು ಮೂರು ಹೆಜ್ಜೆಯ ನಿಯಮವನ್ನು ಪಾಲಿಸುತ್ತಾರೆ. ಮೊದಲು ಕರೆಂಟು ಇದೆಯೆಂದು ಖಚಿತವಾಗಿ ತಿಳಿದ ಎಡೆಯಲ್ಲಿ ಮೀಟರನ್ನು ಪರೀಕ್ಷಿಸುವುದು. ಅನಂತರ ಕೆಲಸಮಾಡಬೇಕಾದ ಲೈನನ್ನು ನೋಡುವುದು. ಪುನಃ ಮೊದಲಿನ ಎಡೆಗೇ ಬಂದು ಮೀಟರು ಸತ್ತಿಲ್ಲವೆಂದು ದೃಢಪಡಿಸಿಕೊಳ್ಳುವುದು. ಇದಕ್ಕೆ ಒಂದು ನಿಮಿಷವೂ ಹಿಡಿಯದು. ಮೀಟರು ಹೊಸದಾದರೂ ಹಳೆಯದಾದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ದುರಸ್ತಿಯ ವಿಚಾರಕ್ಕೆ ಬರೋಣ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ಒಮ್ಮೆಲೇ ಮೈನ್ಸಿಗೆ ಕೊಡುವುದು ಅವಿವೇಕ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಕಾಲಕ್ರಮದಲ್ಲಿ ಒಣಗಿಯೋ ಸೋರಿಯೋ ಕೆಟ್ಟಿರಬಹುದು. ಟ್ರಾನ್ಸ್‌ಫಾರ್ಮರುಳ್ಳ ಹಳೆಯ ಯಂತ್ರಗಳಿಗಾದರೆ ತಂತಿಯ ದೀಪದ ಬಲ್ಬೊಂದನ್ನು ಸಾಲಾಗಿ ಸೇರಿಸಿ ವಿದ್ಯುತ್ತನ್ನು ಕೊಡಬೇಕು. ಬಲ್ಬು ಕ್ಷಣಕಾಲ ಹೊಳೆದು ಮಂಕಾದರೆ ಶುಭಸೂಚನೆ. ಪೂರ್ಣಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟು ಉಂಟೆಂದು ತಿಳಿಯಬೇಕು. ಬ್ಯಾಟರಿಯ ಕ್ಷಾರವು ಸೋರಿ ಹಸಿರು ಕಿಲುಬು ಹಿಡಿದಿದ್ದರೆ ಸ್ವಲ್ಪ ವಿನೆಗರಿನಿಂದ ಒರಸಿ, ಸ್ಪಿರಿಟಿನಿಂದ ಶುದ್ಧಿಮಾಡಿ ಒಣಗಿಸಬೇಕು. ಸಡಿಲವಾದ ಸಂಪರ್ಕ, ಮಲಿನವಾದ ಸ್ವಿಚ್ಚು, ಬಿರುಕುಬಿಟ್ಟ ಬೆಸುಗೆ ಇವನ್ನು ಮೊದಲು ನೋಡಿದವನಿಗೆ ಅನೇಕ ಬಾರಿ ಬೇರೇನನ್ನೂ ಬದಲಾಯಿಸುವ ಅಗತ್ಯ ಬೀಳದು.

ಕಿರಣನಾಳದ ಆಸಿಲೋಸ್ಕೋಪು ಮಾತ್ರ ಬೇರೆಯದೇ ಜಾತಿ. ಅದರೊಳಗೆ ಸಾವಿರಾರು ವೋಲ್ಟು ಇರುತ್ತದೆ. ಪ್ಲಗ್ಗನ್ನು ಕಿತ್ತ ಬಳಿಕವೂ ಕೆಪ್ಯಾಸಿಟರುಗಳಲ್ಲಿ ಆ ಶಕ್ತಿಯು ಉಳಿದಿರಬಹುದು. ಅಭ್ಯಾಸವಿಲ್ಲದವರು ಅದನ್ನು ಬಿಚ್ಚದಿರುವುದೇ ಕ್ಷೇಮ. ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಕತ್ತರಿಸಿರುವ ಯಂತ್ರವನ್ನು ಮೊದಲು ಸರಿಪಡಿಸಿಯೇ ಉಪಯೋಗಿಸಬೇಕು. ಇಲ್ಲವಾದರೆ ಅದರ ಲೋಹದ ಕವಚಕ್ಕೇ ಕರೆಂಟು ಬರುವ ಸಂಭವವುಂಟು.

ಚಾಲೂ ಆದ ಯಂತ್ರವೆಲ್ಲ ಸರಿಯಾದ ಯಂತ್ರವಲ್ಲ. 2016ರಲ್ಲಿ ಮುಚ್ಚುವ ನಿರ್ಧಾರವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಿದ್ದ ತುಮಕೂರಿನವರಿಗೆ ಇದನ್ನು ವಿವರಿಸಬೇಕಿಲ್ಲ: ಓಡುವ ಗಡಿಯಾರವೂ ತಪ್ಪು ಹೊತ್ತನ್ನು ತೋರಿಸಬಲ್ಲದು. ಮನೆಯ ಹವ್ಯಾಸಕ್ಕಾದರೆ ನಂಬಿಕೆಯ ಮತ್ತೊಂದು ಮೀಟರಿನೊಡನೆ ಹೋಲಿಸಿದರೆ ಸಾಕು. ಆದರೆ 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರು ಕಾರ್ಖಾನೆಯಂಥ ಎಡೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡಲು ಬಯಸುವವರಿಗೆ ಅಷ್ಟು ಸಾಲದು. ಅಂಥವರು ಉಪಕರಣವನ್ನು ಪ್ರಮಾಣಿತ ಪ್ರಯೋಗಶಾಲೆಯಲ್ಲಿ ತಾಳೆನೋಡಿಸಿ ಪತ್ರವನ್ನು ಪಡೆಯಬೇಕು. ಆ ವೆಚ್ಚವನ್ನೂ ಸೇರಿಸಿಯೇ ಹಳೆಯದರ ಬೆಲೆಯನ್ನು ಲೆಕ್ಕಹಾಕುವುದು ಜಾಣತನ.

ಸರಿಪಡಿಸಲಾಗದ ಯಂತ್ರದಿಂದ ಉಪಯುಕ್ತ ಭಾಗಗಳನ್ನು ತೆಗೆದಿರಿಸಿಕೊಂಡು ಉಳಿದುದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬೇಕು. ಸುಡುವುದಾಗಲಿ ಕೆರೆಯಂಚಿಗೆ ಎಸೆಯುವುದಾಗಲಿ ಕೂಡದು. ಚೆನ್ನಾಗಿ ಆರಿಸಿ, ನಿಧಾನವಾಗಿ ಸರಿಪಡಿಸಿ, ಆಗಾಗ್ಗೆ ತಾಳೆನೋಡಿದ ಹಳೆಯ ಮೀಟರು ಅನೇಕ ವರ್ಷ ದುಡಿಯುತ್ತದೆ. ಅದರ ಮಾತನ್ನು ನಂಬಿ ತಂತಿಯನ್ನು ಮುಟ್ಟುವವರು ನಮ್ಮವರೇ ಆದುದರಿಂದ, ಅದು ನಿಜವನ್ನೇ ನುಡಿಯುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.